ದೊಡ್ಡಪೇಟೆಯಲ್ಲಿ ಉಳಿದಿರುವುದೇನು?

ಬೆಂಗಳೂರಿನ ಅವೆನ್ಯೂ ರಸ್ತೆಯು ಹಳೆಯ ಪೇಟೆಯ ಹಿರಿಯ ಬೀದಿ. ಅದರ ಹಿಂದಿನ ಹೆಸರು ದೊಡ್ಡಪೇಟೆ. ಸಾಹಿತ್ಯದ ವಿದ್ಯಾರ್ಥಿಗಳು ಅಲ್ಲಿಗೆ ಹೋಗುವುದು ಹಳೆಯ ಪುಸ್ತಕಗಳಿಗಾಗಿ. ಹಾಗೆ ಹೋದವರಲ್ಲಿ ಅಲ್ಲಿನ ರೈಸ್ ಸ್ಮಾರಕ ಚರ್ಚಿನ ಹೆಸರನ್ನು ವಿಚಾರಿಸುವವರು ವಿರಳ.

ಆ ಹೆಸರು 1837ರಲ್ಲಿ ಬೆಂಗಳೂರಿಗೆ ಬಂದ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬಲ್ಲ ಬೆಂಜಮಿನ್ ರೈಸ್ ಅವರದು. ಅವರ ಮಗನೇ ಬಿ. ಎಲ್. ರೈಸ್. ಪಂಪಭಾರತವನ್ನು 1898ರಲ್ಲಿ ಅಚ್ಚಿನಲ್ಲಿ ತಂದವರು, 'ಎಪಿಗ್ರಾಫಿಯಾ ಕರ್ನಾಟಿಕ'ದ ಸಂಪುಟಗಳನ್ನು ಸಿದ್ಧಪಡಿಸಿದವರು ಇವರೇ. ಅದರ 12ನೆಯ ಸಂಪುಟ ತುಮಕೂರು ಜಿಲ್ಲೆಯದು. ಶೆಟ್ಟಿಕೆರೆಯಂತಹ ತೆಂಗಿನ ಸೀಮೆಯ ಊರುಗಳ ಚರಿತ್ರೆಯನ್ನು ಅರಸುವವರು ಮೊದಲು ತೆರೆಯಬೇಕಾದುದು ಅದನ್ನೇ. ಹೀಗಿರುವಾಗ ಆ ಚರ್ಚು ಕ್ರೈಸ್ತರ ಪ್ರಾರ್ಥನಾಮಂದಿರವಾಗಿರುವಂತೆಯೇ ಕನ್ನಡ ವಿದ್ವತ್ತಿನ ಚರಿತ್ರೆಯ ಒಂದು ಕುರುಹೂ ಹೌದು. ಪ್ರಾಚೀನ ಜೈನಕಾವ್ಯಗಳ ಓದುಗರಿಗಂತೂ ಅದು ಪರಕೀಯವಲ್ಲ.

ಬೀದಿಯ ಉತ್ತರದ ತುದಿಯಲ್ಲಿ ಮೈಸೂರು ಬ್ಯಾಂಕ್ ವೃತ್ತವಿದೆ. 1913ರಲ್ಲಿ ಆರಂಭವಾದ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಜನರ ಬಾಯಲ್ಲಿ ವೃತ್ತದ ಹೆಸರು ಮಾತ್ರ ಉಳಿದಿದೆ. ಹೆಸರು ಎಷ್ಟೇ ಗಟ್ಟಿಯಾಗಿದ್ದರೂ ಕಟ್ಟಡದ ಅಳತೆ, ಮರದ ಕಂಬ, ಗಾರೆಯ ಅಲಂಕಾರಗಳನ್ನು ಅದು ಉಳಿಸಿಕೊಡಲಾರದು. ಅವುಗಳನ್ನು ದಾಖಲಿಸಲೇಬೇಕು.

ದಾಖಲಾತಿಯ ಫಲವೇನೆಂಬುದಕ್ಕೆ ಶ್ರವಣಬೆಳಗೊಳವೇ ನಿದರ್ಶನ. 1889ರ ಸಂಪುಟದಲ್ಲಿ ರೈಸ್ ಕೊಟ್ಟ ಶಾಸನಗಳು 144, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500. 1973ರ ಆವೃತ್ತಿಯಲ್ಲಿ 573. ಬೆಟ್ಟದಲ್ಲಿ ಶಾಸನಗಳು ಹೊಸದಾಗಿ ಹುಟ್ಟಲಿಲ್ಲ, ಹುಡುಕುವವರು ಮತ್ತೆ ಮತ್ತೆ ಹೋದರು. ಪೇಟೆಯ ಬೀದಿಯ ಗತಿ ಇದಕ್ಕೆ ವಿರುದ್ಧವಾದುದು. ಇಲ್ಲಿ ತಡವಾಗಿ ಹೋದಷ್ಟೂ ಎಣಿಕೆ ಕುಗ್ಗುತ್ತದೆ. ನಿವೇಶನದ ಬೆಲೆ ಏರಿದಂತೆ ಹಳೆಯ ಮನೆ ಮಾಲೀಕನಿಗೆ ಹೊರೆಯಾಗುತ್ತದೆ. ಅವನನ್ನು ದೂರಿ ಫಲವಿಲ್ಲ.

ಇದು ವಾಸ್ತುಶಿಲ್ಪದವರ ಕೆಲಸವೆಂದು ಕನ್ನಡ ವಿಭಾಗಗಳು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಹಳೆಯ ಕ್ರಯಪತ್ರದ ಚಕ್ಕುಬಂದಿಯನ್ನು ಓದಿ ಅರ್ಥೈಸಲು ಭಾಷೆ ಬಲ್ಲವರೇ ಬೇಕು. ದಾನಶಾಸನದ ಎಲ್ಲೆಗಳನ್ನು ಗುರುತಿಸಲು ಕಲಿತ ವಿದ್ಯಾರ್ಥಿಗೆ ಈ ವಿಧಾನ ಹೊಸದೇನಲ್ಲ. ಸ್ನಾತಕೋತ್ತರ ತರಗತಿಯ ಒಬ್ಬೊಬ್ಬರಿಗೂ ಒಂದೊಂದು ಕಟ್ಟಡವನ್ನು ವಹಿಸಿದರೆ ಸಾಕು. ಅಂಗಡಿಯ ನಾಮಫಲಕದ ಮೇಲೆ ಉಳಿದಿರುವ ಮಹಡಿಯನ್ನು ನೋಡಲಿ, ಹಿರಿಯ ವ್ಯಾಪಾರಿಗಳನ್ನು ಕೇಳಲಿ, ಪತ್ರಗಳೊಡನೆ ತಾಳೆ ನೋಡಿ ಬರೆಯಲಿ. ದೊಡ್ಡಪೇಟೆಗೆ ಹೋಗಲಾಗದವರು ತಮ್ಮ ಊರಿನ ಪೇಟೆಬೀದಿಯಿಂದಲೇ ಆರಂಭಿಸಬಹುದು.