ಬಹುಮಾನ ಒಬ್ಬನಿಗೆ, ಬಿಟ್ಟಿ ಚಾಕರಿ ಸಾವಿರ ಜನರದ್ದು!



ಮೂವತ್ತು ಸೆಕೆಂಡಿನ ವಿಡಿಯೋ ಮಾಡಿ ಕಳಿಸಿ, ಗೆದ್ದರೆ ಲಕ್ಷ ರೂಪಾಯಿ ಎಂದು ದೊಡ್ಡ ಕಂಪನಿಯೊಂದು ಕರೆದರೆ ಸಾಕು, ನಮ್ಮ ಹುಡುಗರು ಸಾಲ ಮಾಡಿ ಕ್ಯಾಮೆರಾ ಬಾಡಿಗೆಗೆ ತರುತ್ತಾರೆ. ಎರಡು ರಾತ್ರಿ ನಿದ್ದೆಗೆಟ್ಟು ಎಡಿಟಿಂಗ್ ಮಾಡುತ್ತಾರೆ. ಆಮೇಲೆ ಅತ್ತೆ, ಮಾವ, ಹಳೇ ಮೇಷ್ಟ್ರು, ಬೀದಿಯ ಕೊನೆಯ ಅಂಗಡಿಯವನು, ಎಲ್ಲರಿಗೂ ಫೋನ್ ಮಾಡಿ ‘ನನಗೆ ವೋಟು ಹಾಕಿ’ ಎಂದು ಗೋಗರೆಯುತ್ತಾರೆ. ಇದಕ್ಕೆ ಸ್ಪರ್ಧೆ ಎಂದು ಹೆಸರು. ನಾನಂತೂ ಇದನ್ನು ಬಿಟ್ಟಿ ಚಾಕರಿ ಎನ್ನುತ್ತೇನೆ!

ಈ ಆಟ ಅಮೆರಿಕದಲ್ಲಿ ಹಳೆಯದು. ಪೆಪ್ಸಿಕೋ ಕಂಪನಿಯ ಡೊರಿಟೋಸ್ ಚಿಪ್ಸ್‌ನವರು 2006ರಲ್ಲಿ ‘ಕ್ರ್ಯಾಶ್ ದ ಸೂಪರ್ ಬೌಲ್’ ಎಂಬ ಜಾಹೀರಾತು ಸ್ಪರ್ಧೆ ಶುರು ಮಾಡಿದರು. ಸೂಪರ್ ಬೌಲ್ ಅಂದರೆ ಅಲ್ಲಿನ ಫುಟ್‌ಬಾಲ್ ಫೈನಲ್ಲು, ನಮ್ಮ ಐಪಿಎಲ್ ಫೈನಲ್ ಇದ್ದ ಹಾಗೆ. 2009ರಲ್ಲಿ ಇಂಡಿಯಾನಾ ರಾಜ್ಯದ ಇಬ್ಬರು ಅಣ್ಣತಮ್ಮಂದಿರು ಮಾಡಿದ ಜಾಹೀರಾತು ಪತ್ರಿಕೆಯೊಂದರ ಸಮೀಕ್ಷೆಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅವರಿಗೆ 10 ಲಕ್ಷ ಡಾಲರ್ ಸಿಕ್ಕಿತು. ಸಂತೋಷವೇ. ಆದರೆ ಅದೇ ಪಂದ್ಯದಲ್ಲಿ ಅರ್ಧ ನಿಮಿಷದ ಜಾಹೀರಾತಿಗೆ ಟಿವಿಯವರು ಕೇಳುತ್ತಿದ್ದ ದರ ಸುಮಾರು 30 ಲಕ್ಷ ಡಾಲರ್! ಟಿವಿಗೆ ಕೊಟ್ಟೇ ಕೊಡಬೇಕಾದ ದುಡ್ಡು ಕೊಟ್ಟರು. ಜಾಹೀರಾತು ಕಟ್ಟಿದ ಕೈಗಳಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ ಮಾತ್ರ ಕೊಟ್ಟು ಸಾವಿರಾರು ಜನಕ್ಕೆ ಕೈಮುಗಿದು ಕಳಿಸಿದರು. 2016ರಲ್ಲಿ ನಿಲ್ಲಿಸಿದ ಈ ಸ್ಪರ್ಧೆಯನ್ನು 2025ರ ಪಂದ್ಯಕ್ಕೆ ಮತ್ತೆ ತಂದರು. ನಷ್ಟದ ಬಾಬತ್ತಾಗಿದ್ದರೆ ತರುತ್ತಿದ್ದರೇ?

ಅದೇ ಕಂಪನಿ 2015ರಲ್ಲಿ ಅದೇ ಅಚ್ಚನ್ನು ನಮ್ಮಲ್ಲಿಗೂ ಹೊತ್ತು ತಂದಿತು. ಹೆಸರು ‘ಕ್ರ್ಯಾಶ್ ದ ಪೆಪ್ಸಿ ಐಪಿಎಲ್’. ಐಪಿಎಲ್‌ಗೆ ತನ್ನ ಹೆಸರು ಅಂಟಿಸಿಕೊಳ್ಳಲು ಐದು ವರ್ಷಕ್ಕೆ 396 ಕೋಟಿ ರೂಪಾಯಿಗೂ ಮೇಲೆ ಒಪ್ಪಿಕೊಂಡಿದ್ದ ಕಂಪನಿಯಿದು. (ಆ ಒಪ್ಪಂದವನ್ನು 2015ರಲ್ಲೇ ಅರ್ಧಕ್ಕೆ ಬಿಟ್ಟು ಹೋಯಿತು, ಅದು ಬೇರೆ ಮಾತು.) ಗೆದ್ದ ಜಾಹೀರಾತಿಗೆ ಬಹುಮಾನ ಎಷ್ಟು? ಒಂದು ಲಕ್ಷ! ಲೆಕ್ಕ ನೀವೇ ಹಾಕಿ.

ನಮ್ಮ ಪ್ರೆಸ್ಸಿನ ಕಸುಬಿನಲ್ಲಿ ಇಂಥ ಗಿರಾಕಿಗಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಒಬ್ಬ ಚೀಟಿ ಕಂಪನಿಯವನು ಐದು ಪ್ರೆಸ್ಸಿಗೆ ಹೋಗಿ ‘ಕ್ಯಾಲೆಂಡರಿಗೆ ಒಂದು ಸ್ಯಾಂಪಲ್ ಡಿಸೈನ್ ಮಾಡಿಕೊಡಿ, ಚೆನ್ನಾಗಿದ್ದವರಿಗೆ ಆರ್ಡರ್’ ಎಂದ. ಐದೂ ಜನ ಮಾಡಿಕೊಟ್ಟೆವು. ಆರ್ಡರ್ ಯಾರಿಗೂ ಬರಲಿಲ್ಲ. ಯುಗಾದಿ ಹೊತ್ತಿಗೆ ನಮ್ಮ ಹುಡುಗ ಮಾಡಿದ ಡಿಸೈನೇ ಶಿವಕಾಶಿಯಲ್ಲಿ ಅಚ್ಚಾಗಿ ಬಂದು ಗೋಡೆಯ ಮೇಲೆ ನೇತಾಡುತ್ತಿತ್ತು. ಚೀಟಿ ಕಂಪನಿಯವನು ಐದು ಜನಕ್ಕೆ ಮಾಡಿದ್ದನ್ನು ಇವರು ಸಾವಿರಾರು ಜನಕ್ಕೆ ಮಾಡುತ್ತಾರೆ, ಅದೂ ಹಾರ ತುರಾಯಿ ಹಾಕಿ!

ವೋಟಿನ ವಿಚಾರಕ್ಕೆ ಬನ್ನಿ. ‘ಜನರೇ ತೀರ್ಪುಗಾರರು’ ಅಂತಾರೆ. ಡೊರಿಟೋಸ್ ಸ್ಪರ್ಧೆಯಲ್ಲಿ ಸಾವಿರಾರು ವಿಡಿಯೋಗಳಲ್ಲಿ ಐದಾರನ್ನು ಆರಿಸಿಟ್ಟ ಮೇಲೆಯೇ ಜನರ ಮುಂದೆ ಇಡುತ್ತಿದ್ದರು. ಅಡುಗೆ ಅವರೇ ಮಾಡಿ, ಬಡಿಸಿದ್ದರಲ್ಲಿ ಯಾವುದು ಬೇಕೋ ತಿನ್ನಿ ಅಂದ ಹಾಗೆ! ಜರ್ಮನಿಯಲ್ಲಿ ಹೆಂಕೆಲ್ ಎಂಬ ಕಂಪನಿ 2011ರಲ್ಲಿ ತನ್ನ ಪಾತ್ರೆ ತೊಳೆಯುವ ಸಾಬೂನು ‘ಪ್ರಿಲ್’ಗೆ ಆನ್‌ಲೈನ್‌ನಲ್ಲಿ ಲೇಬಲ್ ಸ್ಪರ್ಧೆ ಇಟ್ಟಿತು. ವಿಡಿಯೋ ಅಲ್ಲ, ನನ್ನ ಕಸುಬಿನದೇ ವಿಷಯ, ಅದಕ್ಕೇ ನೆನಪಿದೆ. ಯಾರೋ ತಮಾಷೆಗೆ ಕೋಳಿಯ ಚಿತ್ರ ಬರೆದು, ಕೋಳಿ ಮಾಂಸದ ರುಚಿಯಿದೆ ಎಂದು ಬರೆದು ಕಳಿಸಿದ. ಜನ ಮುಗಿಬಿದ್ದು ಅದಕ್ಕೇ ವೋಟು ಹಾಕಿದರು. ಕಂಪನಿ ಗಾಬರಿಯಾಯಿತು. ಮೋಸದ ವೋಟೆಂದು ಕಳೆಯಿತು, ಕೊನೆಗೆ ತನ್ನ ತೀರ್ಪುಗಾರರಿಂದ ಬೇರೆಯದನ್ನು ಆರಿಸಿತು. ಜನರ ತೀರ್ಪು ತನಗೆ ಒಪ್ಪಿಗೆಯಾಗುವ ತನಕ ಮಾತ್ರ ಜನರ ತೀರ್ಪು!

ಇನ್ನು ನಮ್ಮ ಕನ್ನಡದ ಹುಡುಗನ ಪಾಡು ಕೇಳಿ. ಇಡೀ ದೇಶಕ್ಕೆ ಒಂದೇ ಕಣ, ನೋಡಿದವರ ತಲೆ ಎಣಿಸಿ ಗೆಲುವು ಅಂದರೆ, ಕನ್ನಡದಲ್ಲಿ ಮಾಡಿದ ವಿಡಿಯೋ ಹಿಂದಿಯ ವಿಡಿಯೋ ಎದುರು ಏಳುವುದು ಹೇಗೆ? ಗೆಲ್ಲಲೇಬೇಕೆಂಬ ಹುಡುಗ ಮೊದಲು ಬಿಡುವುದು ತನ್ನ ಭಾಷೆಯನ್ನು. ಯಾರೂ ಅವನಿಗೆ ಕನ್ನಡ ಬೇಡ ಎನ್ನಲಿಲ್ಲ, ಲೆಕ್ಕವೇ ಹಾಗೆ ಹೇಳಿತು. ಕನ್ನಡದಲ್ಲಿ ವ್ಯಾಪಾರ ಮಾಡುವವರು ಕನ್ನಡಕ್ಕೇ ಬೇರೆ ವಿಭಾಗ, ಬೇರೆ ಬಹುಮಾನ ಇಡಲಿ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ.

ಎಲ್ಲಕ್ಕಿಂತ ದೊಡ್ಡ ಟೋಪಿ ನಿಯಮದ ಹಾಳೆಯಲ್ಲಿದೆ. ಪುಟಗಟ್ಟಲೆ ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ‘ಒಪ್ಪಿದೆ’ ಎಂದು ಒತ್ತಿದರೆ ಮುಗಿಯಿತು. ಇಂಥ ಹಾಳೆಗಳಲ್ಲಿ ಗೆದ್ದರೂ ಸೋತರೂ ನಿಮ್ಮ ವಿಡಿಯೋವನ್ನು ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಬಳಸುವ ಹಕ್ಕು ಕಂಪನಿಗೆ ಎಂದು ಬರೆದಿರುವುದು ಸಾಮಾನ್ಯ. ಆ ಎರಡು ಮಾತು ಸುಮ್ಮನೆ ಬಂದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಅದು ಐದೇ ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ. ಆ ಬಾಗಿಲು ಮುಚ್ಚಲೆಂದೇ ವಕೀಲರು ಆ ಮಾತು ಸೇರಿಸುವುದು! ಆದರೂ ಒಂದು ಬಾಗಿಲು ತೆರೆದಿದೆ. ಹಕ್ಕು ಬರೆದುಕೊಟ್ಟ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಂ ಕರ್ತೃವಿಗೆ ಉಳಿಸಿದೆ. ಬಹುಮಾನದ ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಫಲಿತಾಂಶ ಅಂದರೆ ಗೆದ್ದವನ ಫೋಟೋ ಮಾತ್ರವೇ? ಯಾರಿಗೆ ಎಷ್ಟು ವೋಟು, ಎಷ್ಟು ಕಳೆದರು, ಯಾಕೆ ಕಳೆದರು, ಅದೂ ಹೊರಬರಲಿ.

ಮುಂದಿನ ಸಲ ಇಂಥ ಕರೆ ಬಂದಾಗ ವಿಡಿಯೋ ಕಳಿಸುವ ಮೊದಲು ಒಂದು ಕಾಗದ ಕಳಿಸಿ: ನಿಯಮಗಳನ್ನು ಕನ್ನಡದಲ್ಲಿ ಕೊಡಿ, ಸೋತವನ ವಿಡಿಯೋ ಮೇಲೆ ನಿಮಗೆ ಯಾವ ಹಕ್ಕೂ ಇಲ್ಲ ಎಂದು ಬರೆದುಕೊಡಿ, ವೋಟಿನ ಲೆಕ್ಕ ಯಾರು ತಪಾಸಣೆ ಮಾಡುತ್ತಾರೆ ತಿಳಿಸಿ. ಬಂದ ಉತ್ತರವನ್ನು ಈ ಪತ್ರಿಕೆಗೆ ತಂದುಕೊಡಿ. ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ. ಉತ್ತರ ಬರದಿದ್ದರೆ ಅದನ್ನೂ ಹಾಕುತ್ತೇವೆ, ಕಂಪನಿಯ ಹೆಸರಿನ ಸಮೇತ, ದಪ್ಪ ಅಕ್ಷರದಲ್ಲಿ!