ಒಕ್ಕಲು ಹೋದರೂ ಹೆಸರು ಉಳಿಯಿತು

ದೇವಾಲಯಕ್ಕೆ ದೇವರ ಹೆಸರಿರಬೇಕೆಂಬುದು ಲೋಕರೂಢಿ. ಹುನಗುಂದ ತಾಲೂಕಿನ ಐಹೊಳೆಯಲ್ಲಿ ಮಾತ್ರ ಈ ರೂಢಿ ತಲೆಕೆಳಗಾಗಿದೆ. ಅಲ್ಲಿಯ ಹೆಸರಾಂತ ಶಿವಾಲಯವೊಂದಕ್ಕೆ ಲಾಡಖಾನ ಗುಡಿ ಎಂದು ಹೆಸರು. ಗುಡಿ ಕಟ್ಟಿ ಎಷ್ಟೋ ಶತಮಾನಗಳಾದ ಮೇಲೆ ಆ ಹೆಸರಿನ ಮುಸಲ್ಮಾನ ಗೃಹಸ್ಥನೊಬ್ಬನು ಅದರಲ್ಲಿ ಬಿಡಾರ ಮಾಡಿದ್ದನಂತೆ. ಬಿಡಾರ ಎದ್ದುಹೋಯಿತು; ಹೆಸರು ಏಳಲಿಲ್ಲ. ಶಿವನೂ ಆಕ್ಷೇಪಿಸಿದಂತಿಲ್ಲ.

ಪಕ್ಕದಲ್ಲಿಯೇ ಇರುವುದು ಗೌಡರ ಗುಡಿ. ಅದು ದೇವಿಯ ಆಲಯವೆಂಬುದಕ್ಕೆ ಶಾಸನದ ಆಧಾರವುಂಟು. ಜನರ ಬಾಯಲ್ಲಿ ಅದು ಗೌಡರದಾಗಿ ಉಳಿಯಿತು. ಹಾಗಾದರೆ ಸಮೀಪದ ದುರ್ಗದ ಗುಡಿಯಾದರೂ ದೇವಿಯದೋ ಎಂದರೆ, ಅದು ಸೂರ್ಯನದು! ಹಿಂದೊಮ್ಮೆ ಅದು ಕೋಟೆಯ ಭಾಗವಾಗಿದ್ದುದರಿಂದ, ಎಂದರೆ ‘ದುರ್ಗ’ವಾಗಿದ್ದುದರಿಂದ, ಈ ಹೆಸರು. ದುರ್ಗೆಯನ್ನು ಹುಡುಕಿಕೊಂಡು ಬಂದ ಯಾತ್ರಿಕನಿಗೆ ಪ್ರದಕ್ಷಿಣಾಪಥದ ಗೂಡಿನಲ್ಲಿ ಮಹಿಷಮರ್ದಿನಿಯ ಮೂರ್ತಿ ಕಾಣಸಿಗುತ್ತದೆ. ಆತನು ಸಮಾಧಾನದಿಂದ ಕೈಮುಗಿದು ಹಿಂದಿರುಗುತ್ತಾನೆ. ತಪ್ಪು ವಿಳಾಸಕ್ಕೆ ಬಂದವನಿಗೂ ದರ್ಶನ ತಪ್ಪುವುದಿಲ್ಲ.

* * *

ಗುಡ್ಡದ ಮೇಲಿನ ಮೇಗುಟಿಯ ಕತೆ ಬೇರೆ. ಆ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿ ಕವಿಯೂ ಹೌದು. 634ರ ತನ್ನ ಶಾಸನದಲ್ಲಿ ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ಮುಗಿಸಿದ ಮೇಲೆ, ತನ್ನ ಕೀರ್ತಿ ಕಾಳಿದಾಸ ಭಾರವಿಗಳ ಕೀರ್ತಿಗೆ ಸಮನೆಂದು ತನ್ನನ್ನೂ ಹೊಗಳಿಕೊಂಡನು. ಆತ್ಮಪ್ರಶಂಸೆ ಒಳ್ಳೆಯದಲ್ಲವೆಂದು ಹಿರಿಯರು ಹೇಳುತ್ತಾರೆ. ಆದರೆ ಕಾಳಿದಾಸನು ತನ್ನ ಕಾಲವನ್ನು ಎಲ್ಲಿಯೂ ಹೇಳದೆ ಹೋದನಷ್ಟೆ. ಆತನು 634ಕ್ಕಿಂತ ಈಚಿನವನಲ್ಲವೆನ್ನಲು ವಿದ್ವಾಂಸರಿಗೆ ಒದಗಿದ ಗಟ್ಟಿ ಸಾಕ್ಷಿಗಳಲ್ಲಿ ರವಿಕೀರ್ತಿಯ ಈ ಜಂಬವೂ ಒಂದು. ವಿನಯವಂತನಾಗಿದ್ದರೆ ಎಷ್ಟು ನಷ್ಟವಾಗುತ್ತಿತ್ತು!

* * *

ಬಾದಾಮಿಯ ಮೂರನೆಯ ಗುಹಾಲಯವನ್ನು ಮಾಡಿಸಿದವನು ಮಂಗಳೇಶ, ವರ್ಷ 578. ಅಲ್ಲಿಯ ಕಿರಿದಾದ ಕನ್ನಡ ಶಾಸನವೊಂದು ಆ ‘ಕಲ್ಮನೆ’ಗೆ ಒಂದು ಊರನ್ನು ಬಿಟ್ಟುಕೊಟ್ಟುದನ್ನೂ, ದೇವರಿಗೆ ಹೂಮಾಲೆ ಕಟ್ಟುವವರ ಪಾಲನ್ನೂ ಹೇಳುತ್ತದೆ. ಇದನ್ನು ಅಳಿದವನು ಪಂಚಮಹಾಪಾತಕಿಯಷ್ಟೇ ಅಲ್ಲ, ಏಳನೆಯ ನರಕದಲ್ಲಿ ಹುಳುವಾಗುವನು. ಅರಸನು ಮಾಲೆಗಾರರನ್ನು ಮರೆಯಲಿಲ್ಲ. ಆದರೆ ಅವರ ಹೆಸರುಗಳು ಕಲ್ಲಿಗೆ ಏರಲಿಲ್ಲ.

ಇಳಕಲ್ಲಿನಲ್ಲಿಯೂ ಹಾಗೆಯೇ. ಅಲ್ಲಿಯ ಸೀರೆಯ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ರೇಶಿಮೆಯ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಅದು ಕಣ್ಣನ್ನೂ ಬೆರಳನ್ನೂ ಸವೆಸುವ ಕೆಲಸ. ಸೀರೆಗೆ ಊರಿನ ಹೆಸರುಂಟು, ಅಂಚಿಗೆ ಹೆಸರುಂಟು, ಸೆರಗಿಗೆ ಹೆಸರುಂಟು. ಕೊಂಡಿ ಹಾಕಿದ ಕೈಗೆ ಮಾತ್ರ ಹೆಸರಿಲ್ಲ.

* * *

ಬಾಗಲಕೋಟೆಯಲ್ಲಿ ಇದಕ್ಕೆ ವಿರುದ್ಧವಾದ ವಿಚಿತ್ರ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನೊಳಗೆ ಬಂದಾಗ ಸಾವಿರಾರು ಮನೆಗಳವರು ನವನಗರಕ್ಕೆ ಹೋದರು. ಪೇಟೆ, ಓಣಿ, ಅಗಸಿಗಳ ಹೆಸರು ಹೇಳಿ ಬೆಳೆದವರಿಗೆ ಅಲ್ಲಿ ದೊರೆತುದು ಸೆಕ್ಟರಿನ ಅಂಕಿ.

“ಮನಿ ಎಲ್ಲಿ ಬರ್ತದರೀ?”

“ನಲವತ್ತೈದರಾಗ ಬರ್ರಿ.”

ಊರು ಕೇಳಿದರೆ ಲೆಕ್ಕ ಹೇಳಿದಂತಾಯಿತು! ಗುಡ್ಡದ ಕಡೆಯ ಎತ್ತರದ ನೆಲದಲ್ಲಿ ಹೊಸ ಊರು ಬೆಳೆದರೂ ವೃತ್ತಪತ್ರಿಕೆಗಳು ಅದನ್ನು ಇನ್ನೂ ‘ಮುಳುಗಡೆ ನಗರಿ’ ಎಂದೇ ಕರೆಯುತ್ತವೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ತೀರ್ಪಿತ್ತಿತು. ಏರುವ ನೀರಿಗೆ ಇನ್ನೂ ಎಷ್ಟೋ ಮನೆಗಳು ಎದುರಾಗುತ್ತವೆ. ಎಷ್ಟು ಎಕರೆ, ಎಷ್ಟು ರೂಪಾಯಿ ಎಂಬುದನ್ನು ದಫ್ತರಗಳು ಬರೆದಿಡುತ್ತವೆ. ಓಣಿಗಳ ಹೆಸರನ್ನು ಬರೆದಿಡುವುದಕ್ಕೆ ಯಾವ ಸರಕಾರದ ಅನುಮತಿಯೂ ಬೇಕಿಲ್ಲ. ಅಜ್ಜಿಯೊಬ್ಬಳು, ಒಂದು ನೋಟುಪುಸ್ತಕ, ಅರ್ಧ ದಿನದ ಬಿಡುವು ಸಾಕು.

ಐಹೊಳೆಯಲ್ಲಿ ಬಿಡಾರ ಹೂಡಿದವನ ಹೆಸರು ದೇವರ ಮನೆಗೆ ನಿಂತಿತು. ಬಾಗಲಕೋಟೆಯಲ್ಲಿ ಸ್ವಂತ ಮನೆಯವರ ಹೆಸರು ಓಣಿಗಾದರೂ ಉಳಿಯಲಿ!