ಕೇಳದ ಊರಿಗೆ ವರ್ಗ

ಜನವರಿ ಮೊದಲ ವಾರ ವಿಶಾಖಪಟ್ಟಣದಲ್ಲಿ ಕ್ರೈಸ್ತ ಗೆಳೆಯರು ಸಿಕ್ಕರೆ ಕೇಳುವ ಪ್ರಶ್ನೆ ಒಂದೇ: 'ಈ ವರ್ಷ ನಿಮಗೆ ಯಾವ ವಾಗ್ದಾನ ಬಂತು?' ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಬೈಬಲ್ ವಚನ ಅಚ್ಚಾದ ಕಾರ್ಡುಗಳನ್ನು ಹಂಚುತ್ತಾರೆ. ಕೈಗೆ ಬಂದದ್ದೇ ವರ್ಷವಿಡೀ ಹಿಡಿದುಕೊಳ್ಳುವ ಮಾತು. ನಮ್ಮ ಕಡೆಯ ಎಷ್ಟೋ ಚರ್ಚುಗಳಲ್ಲೂ ಈ ರೂಢಿ ಇದೆ. ನನಗೇನೂ ತಕರಾರಿಲ್ಲ. ಆದರೆ ಕಾರ್ಡುಗಳಲ್ಲಿ ಆಶೀರ್ವಾದ, ಸಮಾಧಾನ, ಹೆಚ್ಚಳವೇ ಇರುತ್ತವೆ. 'ಎದ್ದು ನಿನೆವೆಗೆ ಹೋಗು' ಎಂಬ ಕಾರ್ಡನ್ನು ನಾನಂತೂ ಕಂಡಿಲ್ಲ.

ತೆಲುಗಿನವರು 'ದೇವುನಿ ಚಿತ್ತಂ' ಅನ್ನುತ್ತಾರೆ, ನಾವು 'ದೇವರ ಚಿತ್ತ' ಅನ್ನುತ್ತೇವೆ. ಆನ್‌ಸೈಟ್ ಒಪ್ಪಿಕೊಳ್ಳಲೇ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವಾಗ ಇಲ್ಲಿ ಫ್ಲ್ಯಾಟ್ ಕೊಳ್ಳಲೇ, ಈ ಸಂಬಂಧಕ್ಕೆ ಹೂಂ ಅನ್ನಲೇ ಎಂಬ ಪ್ರಶ್ನೆಗಳು ಬಂದಾಗ ಮಾತು ಅಲ್ಲಿಗೇ ಹೋಗುತ್ತದೆ. ನಮಗೆ ಬೇಕಾಗಿರುವುದು ಪೂರ್ತಿ ದಾರಿ ತೋರಿಸುವ ಮ್ಯಾಪು. ಬೈಬಲಿನಲ್ಲಿ ಅಂಥದ್ದು ಸಿಕ್ಕವರು ಕಡಿಮೆ. ಅಬ್ರಹಾಮನು ಎಲ್ಲಿಗೆ ಎಂದು ತಿಳಿಯದೆಯೇ ಮನೆ ಬಿಟ್ಟವನು. ಪೌಲನ ಕಥೆ ಇನ್ನೂ ವಿಚಿತ್ರ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ತೆಗೆದು ನೋಡಿ: ಆಸ್ಯ ಸೀಮೆಯಲ್ಲಿ ಸಾರಬೇಕೆಂದರೆ ಪವಿತ್ರಾತ್ಮನ ತಡೆ, ಬಿಥೂನ್ಯಕ್ಕೆ ಹೊರಟರೆ ಅಲ್ಲೂ ತಡೆ. ಕೊನೆಗೆ ತ್ರೋವದಲ್ಲಿ ಒಂದು ರಾತ್ರಿ ಮಕೆದೋನ್ಯದವನೊಬ್ಬ ಕರೆದ ದರ್ಶನವಾಗುತ್ತದೆ. ಸಮುದ್ರ ದಾಟಿ ಫಿಲಿಪ್ಪಿಗೆ ಹೋದರೆ ಅಲ್ಲಿ ಸಿಕ್ಕಿದ್ದು ಏಟು, ಜೈಲು. ದೇವರು ನಡೆಸಿದ ದಾರಿ ಸುಗಮವಾಗಿಯೇ ಇರುತ್ತದೆ ಎನ್ನುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು.

ನಾವಿರುವ ಈ ಊರಿನ ಚರಿತ್ರೆಯಲ್ಲೂ ಅಂಥದ್ದೊಂದು ಇದೆ. 1805ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ಡೆ ಗ್ರಾಂಜ್ ವಿಶಾಖಪಟ್ಟಣಕ್ಕೆ ಬಂದರು. ತೆಲುಗು ಕಲಿತರು. ಬ್ರಾಹ್ಮಣ ಮನೆತನದಿಂದ ಬಂದ ಆನಂದರಾಯರ್ ಎಂಬ ಕ್ರೈಸ್ತರ ನೆರವಿನಿಂದ ಸುವಾರ್ತೆಗಳ ಅನುವಾದ ಶುರುವಾಯಿತು. 1809ರಲ್ಲಿ ಕ್ರಾನ್ ತೀರಿಕೊಂಡರು, 1810ರಲ್ಲಿ ಡೆ ಗ್ರಾಂಜ್. ಆ ಸುವಾರ್ತೆಗಳು ಸೆರಾಂಪುರದಲ್ಲಿ ಅಚ್ಚಾದದ್ದು 1812ರಲ್ಲಿ. ಒಂದು ಪುಟವನ್ನೂ ಇಬ್ಬರೂ ನೋಡಲಿಲ್ಲ. ಫಲ ಕಂಡಮೇಲೆ 'ದೇವರೇ ನಡೆಸಿದರು' ಎಂದು ಸಾಕ್ಷಿ ಹೇಳುವುದು ನಮಗೆ ಸುಲಭ. ಅವರಿಗೆ ಆ ಅನುಕೂಲವೂ ಇರಲಿಲ್ಲ.

ಡೆ ಗ್ರಾಂಜ್ ತೀರಿಕೊಂಡ ಅದೇ 1810ರಲ್ಲಿ ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರನ್ನು ಗೊತ್ತುಮಾಡಿದ್ದು ಶ್ರೀರಂಗಪಟ್ಟಣಕ್ಕೆ. ಕಂಪನಿ ಸರ್ಕಾರದ ಅನುಮತಿಯಿಲ್ಲದೆ ಮಿಷನರಿಗಳು ಕಾಲಿಡಲಾಗದ ಕಾಲ. ಆ ದಾರಿ ತೆರೆಯಲಿಲ್ಲ, ಬಳ್ಳಾರಿ ಸಿಕ್ಕಿತು. ಅವರು ಕನ್ನಡ ಕಲಿಯಲು ಕೂತರು. 1831ರಲ್ಲಿ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂದದ್ದು ಬಳ್ಳಾರಿಯ ಆ ದುಡಿಮೆಯಿಂದ. ಇಪ್ಪತ್ತೊಂದು ವರ್ಷ! ನಮ್ಮಲ್ಲಿ ಮೂರು ತಿಂಗಳಿಗೆ ಪ್ರಾಜೆಕ್ಟ್ ಬದಲಾಗದಿದ್ದರೆ ನೋಟಿಸ್ ಪೀರಿಯಡ್ ಎಷ್ಟು ಎಂದು ವಿಚಾರಿಸಲು ಶುರುಮಾಡುತ್ತೇವೆ.

ಇದಕ್ಕೆ ಎದುರಾಗಿ ಯೋನನನ್ನು ಇಟ್ಟು ನೋಡಿ. ಅವನೂ ಕೊನೆಗೆ ಹೇಳಿದ ಊರಿಗೆ ಹೋದ, ಹೇಳಿದ ಕೆಲಸ ಮಾಡಿದ, ಕೆಲಸ ಫಲಿಸಿತು ಕೂಡ. ಆದರೂ ಊರ ಹೊರಗೆ ಮುಖ ಊದಿಸಿಕೊಂಡು ಕೂತ. ವಿಧೇಯತೆ ಇತ್ತು, ಮನಸ್ಸಿರಲಿಲ್ಲ. ನಮ್ಮ ವಲಸಿಗರ ನಡುವೆ ಯೋನಂದಿರು ತುಂಬಾ ಇದ್ದಾರೆ. ದೇವರೇ ಇಲ್ಲಿಗೆ ಕರೆತಂದರು ಎನ್ನುತ್ತಾರೆ. ಆರು ವರ್ಷವಾದರೂ ಆಟೋದವನ ಜೊತೆ ಚೌಕಾಸಿ ಮಾಡುವಷ್ಟೇ ತೆಲುಗು, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಮನಸ್ಸಿನ ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ಮನಃಪೂರ್ವಕವಾಗಿ ಹಿಂಬಾಲಿಸುವುದು ಹೊರಡುವ ದಿನಕ್ಕಿಂತ ತಲುಪಿದ ಮೇಲೆಯೇ ಹೆಚ್ಚು ಗೊತ್ತಾಗುತ್ತದೆ ಎಂದು ನನ್ನ ಎಣಿಕೆ.

ಹಾಗೆಂದು ಮುಚ್ಚಿದ ಬಾಗಿಲೆಲ್ಲ ದೇವರೇ ಮುಚ್ಚಿದ್ದಲ್ಲ. ಕೆಲವನ್ನು ಮ್ಯಾನೇಜರ್ ಮುಚ್ಚಿರುತ್ತಾನೆ, ಕೆಲವನ್ನು ನಮ್ಮ ಸೋಮಾರಿತನ. 'ನೀನು ಇವರನ್ನೇ ಮದುವೆಯಾಗು ಎಂದು ದೇವರು ನನಗೆ ತಿಳಿಸಿದ್ದಾರೆ', 'ನಂಬಿಕೆಯಿದ್ದರೆ ಮಾತ್ರೆ ನಿಲ್ಲಿಸು' ಎಂದು ಇನ್ನೊಬ್ಬರು ನಿಮಗೆ ಹೇಳಿದರೆ ದಯವಿಟ್ಟು ಎದ್ದು ಬನ್ನಿ. ಇಂಥದ್ದನ್ನು ತೂಗಿ ನೋಡಲು ಸಂತ ಇಗ್ನೇಷಿಯಸ್ ಲೊಯೋಲಾ ಒಂದು ಉಪಾಯ ಹೇಳಿದ್ದಾರೆ. ವಿಜಯವಾಡದ ಆಂಧ್ರ ಲೊಯೋಲಾ ಕಾಲೇಜಿನ ಹೆಸರಿನಲ್ಲಿರುವವರು ಅವರೇ. ಪರಿಚಯವೇ ಇಲ್ಲದ ಒಬ್ಬರು ಇದೇ ಪ್ರಶ್ನೆ ತಂದರೆ ಅವರಿಗೆ ಏನು ಹೇಳುತ್ತೀರಿ? ಅದನ್ನೇ ನೀವು ಮಾಡಿ. ಇನ್ನೊಂದು ಮಾತು: ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ತೀರ್ಮಾನ ಬದಲಿಸಬೇಡಿ. ರಾತ್ರಿ ಹನ್ನೊಂದಕ್ಕೆ ರಾಜೀನಾಮೆ ಟೈಪ್ ಮಾಡುವವರಿಗೆ ಇದು ಒಳ್ಳೆಯ ಔಷಧಿ.

ವಿಜಯವಾಡದಲ್ಲೇ ಗುಣದಲ ಮಾತೆಯ ಬೆಟ್ಟವಿದೆ. ಪ್ರತಿ ಫೆಬ್ರವರಿ 9ರಿಂದ 11ರವರೆಗೆ ಉತ್ಸವ. ಆಗ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಇಲ್ಲಿಂದ ಹೋಗಿ ನೋಡಿ. ತಲೆ ಬೋಳಿಸಿಕೊಂಡವರು, ತೆಂಗಿನಕಾಯಿ ಹಿಡಿದವರು, ಕ್ರೈಸ್ತರಲ್ಲದವರು, ಎಲ್ಲರೂ ಮೆಟ್ಟಿಲು ಹತ್ತುತ್ತಾರೆ. ಮಗು ಬೇಕು, ಕೆಲಸ ಬೇಕು, ಕಾಯಿಲೆ ವಾಸಿಯಾಗಬೇಕು. ನಂಬಿಕೆಯಿದ್ದವರು ಹೀಗೆ ಹರಕೆ ಹೊತ್ತು ಕೇಳಬಾರದು, ಕೊಟ್ಟದ್ದನ್ನು ಒಪ್ಪಿಕೊಳ್ಳಬೇಕು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಗೆತ್ಸೆಮನೆಯಲ್ಲಿ ಯೇಸುವೂ ಮೊದಲು ಕೇಳಿಯೇ ಕೇಳಿದ, ಆ ಪಾತ್ರೆ ತಪ್ಪಿಹೋಗಲಿ ಎಂದು. ತಂದೆಯ ಚಿತ್ತದಂತೆ ಆಗಲಿ ಎಂಬುದು ಕೇಳಿದ ಮೇಲೆ ಬಂದ ಮಾತು. ಅದೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಎದ್ದು ಹೋಗಿ ಮತ್ತೆ ಬಂದು, ಮೂರು ಸಲ ಪ್ರಾರ್ಥಿಸಿದನೆಂದು ಮತ್ತಾಯ ಬರೆದಿದ್ದಾನೆ. ಅಷ್ಟು ಹೊತ್ತೂ ಶಿಷ್ಯರು ನಿದ್ದೆಯಲ್ಲಿದ್ದರು.